ಕಡ್ಡಿರಾಂಪುರದ ಕೈ

ಐ ಐ ಎಸ್ ಎಚ್ ಐದು ಐದು ಇ — ಇದು ಯಾರೂ ಕಳಿಸಿದ್ದಲ್ಲ, ಪಕ್ಕದ ಮನೆಯ ಬಸಕ್ಕನ ಮಿಕ್ಸಿ, ಶೇಂಗಾ ಚಟ್ನಿಗೆ ತಿರುಗುತ್ತಿದೆ, ಅದರ ಮೋಟಾರು ಉಗುಳುವ ಕಿಡಿ ರೇಡಿಯೋಗೆ ಹೊಕ್ಕು ಗರಗರ ಅನ್ನುವುದನ್ನೂ ಕಂಪ್ಯೂಟರ್ ಮೋರ್ಸಿನ ಅಕ್ಷರ ಎಂದೇ ನಂಬಿ ಪರದೆಯ ಮೇಲೆ ಜೋಡಿಸುತ್ತಿದೆ, ಪಾಪ, ಇದಕ್ಕೆ ಸದ್ದೆಲ್ಲವೂ ಮಾತು, ಸ್ಫೂರ್ತಿ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಕಿಟಕಿಯಾಚೆ ನೋಡುತ್ತಾಳೆ, ಹೊಸಪೇಟೆ ಇನ್ನೂ ಪೂರ್ತಿ ಎದ್ದಿಲ್ಲ, ಕಾಲುವೆಯ ಮೇಲೆ ಬೂದು ಬೆಳಕು, ಸ್ಟೇಷನ್ನಿನ ಕಡೆ ಅದಿರಿನ ಗಾಡಿಯೊಂದು ಎಳೆದೆಳೆದು ಹೋಗುತ್ತಿದೆ, ಭಾನುವಾರ, ಸಂಡೂರಿನ ಬಸ್ಸು ಹಿಡಿಯಬೇಕಿಲ್ಲ, ಪ್ಲಾಂಟಿನಲ್ಲಿ ಕೆಂಪು ಧೂಳು ಮೆತ್ತಿದ ಸೆನ್ಸರುಗಳನ್ನು ಒರೆಸಿ ಯಾವುದು ಯಂತ್ರದ ನಿಜವಾದ ನಡುಕ ಯಾವುದು ಬರೀ ಗದ್ದಲ ಎಂದು ಬೇರೆ ಮಾಡಬೇಕಿಲ್ಲ, ಆದರೂ ಇಲ್ಲಿ ಕೂತು ಮಾಡುತ್ತಿರುವುದು ಅದನ್ನೇ, ಗದ್ದಲದಿಂದ ಒಬ್ಬ ಮನುಷ್ಯನನ್ನು ಬೇರೆ ಮಾಡುವುದು, ಇನ್ನೇನು ಬರಬೇಕು, ಬೆಳಕು ಹರಿಯುವ ಹೊತ್ತಿಗೇ ಬರುತ್ತದೆ ಆ ಸಿಗ್ನಲ್ಲು, ಕಡ್ಡಿರಾಂಪುರದಿಂದ, ಹಾಲಸ್ವಾಮಿಯವರ ಕೈಯಿಂದ, ಲಕ್ವ ಹೊಡೆದು ಬಲಗೈ ಬಿದ್ದು ಮಾತು ನಿಂತ ಮೇಲೆ ಉಳಿದ ಆ ಒಂದು ಎಡಗೈಯಿಂದ. ಕೆಳಗೆ ಅವ್ವ ಪಾತ್ರೆ ತೆಗೆಯುತ್ತಿದ್ದಾಳೆ, ಅವ್ವನಿಗೆ ಗೊತ್ತಿಲ್ಲ ಮಗಳು ಯಾರನ್ನು ಕೇಳುತ್ತಾಳೆಂದು, ರೇಡಿಯೋ ಹುಚ್ಚು, ಅಪ್ಪನದೇ ರಕ್ತ ಎಂದಷ್ಟೇ ಗೊತ್ತು, ಹಾಲಸ್ವಾಮಿ ಎಂಬ ಹೆಸರು ಈ ಮನೆಯಲ್ಲಿ ಕೇಳಿ ಎಷ್ಟೋ ವರ್ಷವಾಯಿತು.

ಆಗ ಸ್ಫೂರ್ತಿಗೆ ಏಳನೇ ಕ್ಲಾಸು. ಅಪ್ಪ ಮಲ್ಲಿಕಾರ್ಜುನ್, ಹಾಲಸ್ವಾಮಿ, ಇಬ್ಬರೂ ಹವ್ಯಾಸಿ ರೇಡಿಯೋದವರು, ಮಹಡಿಗಳ ಮೇಲೆ ತಂತಿ ಕಟ್ಟಿಕೊಂಡು ಕೂರುತ್ತಿದ್ದವರು, ಎದುರೆದುರು ಕುಂತರೂ ಉದ್ದ ಗಿಡ್ಡ ಸದ್ದುಗಳಲ್ಲಿ ಅಕ್ಷರ ಕಟ್ಟುವ ಮೋರ್ಸನ್ನು ಮೇಜಿನ ಮೇಲೆ ಬೆರಳಲ್ಲಿ ಕುಟ್ಟಿ ಮಾತಾಡಿ ತಾವೇ ನಗುತ್ತಿದ್ದರು, ಅವ್ವ ಚಹಾ ಇಡುತ್ತ ನನ್ನ ಬೈತಿದೀರೇನು ಎಂದರೆ ಹಾಲಸ್ವಾಮಿ, ಇಲ್ರಿ ರೇಣುಕಮ್ಮ, ಸಕ್ಕರಿ ಕಡಿಮಿ ಆಗೇತಿ ಅಂತಾನ ಇವ — ಆ ನಗು ಎಷ್ಟು ಹತ್ತಿರದಲ್ಲಿ ಕೇಳುತ್ತದೆ, ಆಮೇಲೆ ಆ ಮಳೆಗಾಲ, ಡ್ಯಾಮಿನಿಂದ ನೀರು ಬಿಟ್ಟಿದ್ದರು, ಹೊಳೆ ತುಂಬಿದಾಗ ಕಂಪ್ಲಿ ಸೇತುವೆ ಮುಳುಗುವುದು ಆ ಕಡೆಯವರಿಗೆ ಹೊಸದಲ್ಲ, ಆದರೆ ಆ ಸಲ ಮೊಬೈಲು ಸತ್ತವು, ಕರೆಂಟು ಸತ್ತಿತು, ಆಚೆ ದಡದ ಹಳ್ಳಿಯ ಸುದ್ದಿಯೇ ಇಲ್ಲ, ಅಪ್ಪ ಬೈಕಿನ ಹಿಂದೆ ರೇಡಿಯೋ, ಬ್ಯಾಟರಿ ಕಟ್ಟಿಕೊಂಡು ಕಂಪ್ಲಿಗೆ ಹೋದ, ಹಾಲಸ್ವಾಮಿ ಇಲ್ಲಿ ತಮ್ಮ ಮನೆಯಲ್ಲಿ ಕೂತರು, ನೀರು ಎಷ್ಟು ಬಿಟ್ಟರು ಎಂಬ ಸುದ್ದಿ ಅವರಿಂದ ಅಪ್ಪನಿಗೆ, ದಡದ ಸುದ್ದಿ ಅಪ್ಪನಿಂದ ಅವರಿಗೆ, ಮಾತು ಕೇಳದಷ್ಟು ಗದ್ದಲವಿದ್ದರೂ ಮೋರ್ಸಿನ ಸದ್ದು ತೂರಿಕೊಂಡು ಬರುತ್ತದೆ ಎಂದು ಇಬ್ಬರೂ ಮೋರ್ಸೇ ಹಿಡಿದಿದ್ದರು. ದಡದಲ್ಲಿದ್ದವರು ಕಂಡದ್ದು ಇಷ್ಟು, ಮಲ್ಲಿಕಾರ್ಜುನ್ ಹೆಡ್‌ಫೋನು ಕಿವಿಗೆ ಒತ್ತಿ ಹಿಡಿದು ಏನನ್ನೋ ಕೇಳಿದ, ಗೋಣು ಹಾಕಿದ, ರೇಡಿಯೋವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ, ಬೈಕು ಹತ್ತಿ ಸೇತುವೆಗೆ ಇಳಿದ. ನೀರು ಇಳಿದ ಮೇಲೆ ಬೈಕು ಸೇತುವೆಯ ಕಂಬಿಗೆ ಸಿಕ್ಕಿಕೊಂಡಿತ್ತು, ಅಪ್ಪ ಸಿಗಲಿಲ್ಲ, ಇವತ್ತಿಗೂ ಇಲ್ಲ. ಏನು ಕೇಳಿದ, ದಾಟು ಎಂದರೋ, ದಾಟಬೇಡ ಎಂದರೋ, ಅರ್ಧ ಕೇಳಿ ಅರ್ಧ ಹೊಳೆಯ ಸದ್ದಿಗೆ ಹೋಯಿತೋ, ಅವ್ವನಿಗೆ ಮಾತ್ರ ಅನುಮಾನವಿಲ್ಲ, ಹೋಗು ಅಂದವನ ಅವನು, ಬೆಚ್ಚಗ ಮನ್ಯಾಗ ಕುಂತು ಹೋಗು ಅಂದ, ಹಾಲಸ್ವಾಮಿ ಗೇಟಿನ ಹತ್ತಿರ ಬಂದು ನಿಂತಾಗ ಒಳಗ ಬರಬ್ಯಾಡ್ರಿ ಎಂದಳು, ಅವರು ನಾನು ಹಾಗನ್ನಲಿಲ್ಲ ಎನ್ನಲಿಲ್ಲ, ಅಂದೆ ಎಂದೂ ಅನ್ನಲಿಲ್ಲ, ಗೇಟಿನ ಸರಳು ಹಿಡಿದು ನಿಂತಿದ್ದವರು ತಿರುಗಿ ಹೋದರು, ಆಮೇಲೆ ಊರನ್ನೇ ಬಿಟ್ಟು ಕಡ್ಡಿರಾಂಪುರದ ಹೊಲದ ಮನೆ ಸೇರಿಕೊಂಡರು, ಆ ಮೌನವೇ ಸಾಕ್ಷಿ ಅವ್ವನಿಗೆ, ಸ್ಫೂರ್ತಿಗೆ ಅದು ಗೇಟಿನಲ್ಲಿ ನಿಂತ ಒಬ್ಬ ಮನುಷ್ಯನ ಬೆನ್ನು ಮಾತ್ರ.

ಮಿಕ್ಸಿ ನಿಂತಿತು, ಪರದೆ ಖಾಲಿ, ಒಳ್ಳೆಯದು. ಮೊದಲ ಸಲ ಈ ಸಿಗ್ನಲ್ಲು ಸಿಕ್ಕಿದ್ದು ಹೋದ ಮಳೆಗಾಲದಲ್ಲಿ, ಯಾರೋ ಕಲಿಯುತ್ತಿದ್ದಾರೆ ಅಂದುಕೊಂಡಿದ್ದಳು, ಅಷ್ಟು ಎಡವುತ್ತಿತ್ತು, ಉದ್ದ ಸದ್ದು ಮೊಟಕು, ಗಿಡ್ಡ ಸದ್ದು ಜಗ್ಗಿದ ಹಾಗೆ, ಆಂಟೆನಾ ತಿರುಗಿಸಿ ತಿರುಗಿಸಿ ದಿಕ್ಕು ಹಿಡಿದಾಗ ಹಂಪಿ ರಸ್ತೆಯ ಕಡೆ, ಕಡ್ಡಿರಾಂಪುರ, ಅಲ್ಲಿ ರೇಡಿಯೋ ಇಟ್ಟವರು ಒಬ್ಬರೇ, ಅವ್ವನಿಗೆ ಹೇಳದೆ ಸ್ಕೂಟಿ ತಿರುಗಿಸಿದಳು, ಹಾಲಸ್ವಾಮಿಯವರ ಹೆಂಡತಿ ಗಂಗಾಂಬಿಕಾ ಬಾಗಿಲಲ್ಲೇ ಗುರುತು ಹಿಡಿದು ಕೈ ಹಿಡಿದುಕೊಂಡಳು, ಭಾಳ ದೊಡ್ಡಾಕಿ ಆಗಿಯವ್ವ, ಮಾತು ಪೂರಾ ಹೋತು ಇವರದು, ನೀರು ಅನ್ನಾಕೂ ಬರಂಗಿಲ್ಲ, ಬರದು ತೋರಸ್ರಿ ಅಂದ್ರ ಅಕ್ಷರಾನೂ ಹೋಗ್ಯಾವು, ಆದ್ರ ಬೆಳಗಾದ್ರ ಸಾಕು ಆ ಡಬ್ಬಿ ಮುಂದ ಕುಂದ್ರತಾರ, ಡಾಕ್ಟರು ಕೈಗೆ ಕೆಲಸ ಇರ್ಲಿ ಬಿಡ್ರಿ ಅಂದ್ರು, ಮಾತು ಹೋದ ಕೆಲವರಿಗೆ ದಿನಾ ಹೇಳಿಕೊಂಡ ಮಂತ್ರ ಒಂದು ಉಳಿತೈತಂತ, ಹಂಗ ಏನೋ ಒಂದು ಉಳದೈತಿ ಇವರಿಗೆ, ಏನಂತ ನನಗೇನ್ ತಿಳಿತೈತಿ. ಹಾಲಸ್ವಾಮಿ ಇವಳನ್ನು ನೋಡಿದರು, ನೋಡಿದರೋ ಇವಳ ಹಿಂದಿನ ಗೋಡೆಯನ್ನೋ, ಕಾಕಾ, ನಾನು ಸ್ಫೂರ್ತಿ, ಎಂದಳು, ಅವರ ಮುಖ ಅಲ್ಲಾಡಲಿಲ್ಲ, ಎಡಗೈ ಮಾತ್ರ ಒತ್ತುಗುಂಡಿಯ ಮೇಲೆ ಏಳುತ್ತ ಬೀಳುತ್ತ ಇತ್ತು. ಇವಳಿಗೆ ಮೋರ್ಸ್ ಬಾರದು, ಇವಳು ಬರೆದ ಲೈಸೆನ್ಸ್ ಪರೀಕ್ಷೆಗೆ ಅದು ಬೇಕಿರಲಿಲ್ಲ, ಕಲಿಸಬೇಕಾಗಿದ್ದವನು ಹೊಳೆಯಲ್ಲಿ ಹೋದ, ರೆಕಾರ್ಡು ಮಾಡಿಕೊಂಡು ಬಳ್ಳಾರಿಯ ಹಿರಿಯ ಆಪರೇಟರ್ ಒಬ್ಬರಿಗೆ ಕೇಳಿಸಿದರೆ ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿಬಿಟ್ಟರು, ಇದು ಕೋಡ್ ಅಲ್ಲಮ್ಮ, ಬರೀ ನಡುಕ.

ಬರೀ ನಡುಕ ಎಂಬುದು ಇರುವುದಿಲ್ಲ, ಅದನ್ನು ಅವಳು ಪ್ಲಾಂಟಿನಲ್ಲಿ ಕಲಿತಿದ್ದಾಳೆ, ಪ್ರತಿ ಕನ್ವೇಯರಿಗೂ ಅದರದೇ ನಡುಕ, ಪುಸ್ತಕದ ಅಳತೆ ಇಟ್ಟುಕೊಂಡು ಹೋದರೆ ಎಲ್ಲವೂ ಕೆಟ್ಟಿದೆ ಎಂದೇ ತೋರುತ್ತದೆ, ಆದ್ದರಿಂದ ಈ ತಿಂಗಳುಗಳಲ್ಲಿ ಒಂದೊಂದಾಗಿ ಸರಿಮಾಡಿಕೊಂಡು ಬಂದಳು, ಮೊದಲು ರೇಡಿಯೋ ತನ್ನಷ್ಟಕ್ಕೆ ದನಿ ಏರಿಸುವ ಸ್ವಿಚ್ಚನ್ನು ಆಫ್ ಮಾಡಿದಳು, ಅವರ ಕೈ ಎತ್ತಿದ ಕ್ಷಣದಲ್ಲಿ ಅದು ಗದ್ದಲವನ್ನು ಮೇಲೆತ್ತಿ ಖಾಲಿ ಜಾಗ ತುಂಬಿಬಿಡುತ್ತಿತ್ತು, ಆಮೇಲೆ ಫಿಲ್ಟರನ್ನು ಕಿರಿದು ಮಾಡಿದಳು, ಅವರ ಒಂದು ಸ್ವರ ಮಾತ್ರ ಹಾಯುವಷ್ಟು, ಆಮೇಲೆ ವೇಗವನ್ನು ಕಂಪ್ಯೂಟರಿನ ಅಂದಾಜಿಗೆ ಬಿಡುವುದನ್ನು ನಿಲ್ಲಿಸಿದಳು, ಬಿಟ್ಟರೆ ಅದು ಮಿಕ್ಸಿಯ ಹಿಂದೆಯೂ ಓಡುತ್ತದೆ, ಕೊನೆಗೆ ಉಳಿದದ್ದು ಅಳತೆ, ಉದ್ದದ್ದು ಗಿಡ್ಡದರ ಮೂರರಷ್ಟು ಇರಬೇಕೆಂದು ಪ್ರೋಗ್ರಾಮು ನಂಬಿ ಕೂತಿತ್ತು, ಅವರ ಉದ್ದ ಅಷ್ಟಿಲ್ಲ, ಗಿಡ್ಡದಕ್ಕಿಂತ ಒಂದು ಉಸಿರು ಹೆಚ್ಚು, ಅಷ್ಟೇ, ಆ ಒಂದು ಉಸಿರನ್ನು ಹಿಡಿಯುವುದಕ್ಕೆ ಅವರ ರೆಕಾರ್ಡುಗಳನ್ನೇ ಪ್ರೋಗ್ರಾಮಿಗೆ ಮತ್ತೆ ಮತ್ತೆ ಉಣಿಸಿದಳು, ಬೇರೆ ಯಾರದ್ದೂ ಬೇಡ, ಈ ಕೈಯನ್ನು ಮಾತ್ರ ಕಲಿ, ಈ ಕೈ ಎಲ್ಲಿ ದಣಿಯುತ್ತದೆ, ಎಲ್ಲಿ ತಡೆಯುತ್ತದೆ — ಬಂತು. ಹೆಡ್‌ಫೋನಿನಲ್ಲಿ ಆ ಸಣ್ಣ ಕೊಳಲಿನಂಥ ಸದ್ದು, ಎಡವುತ್ತ, ತಡವುತ್ತ, ಅವಳು ಬೆರಳು ಆಡಿಸುವುದಿಲ್ಲ, ಪರದೆಯ ಮೇಲೆ ಎಮ್, ತಡೆದು ಜೆ, ಮತ್ತೆ ತಡೆದು ಕೆ, ಅದು ಅಪ್ಪನ ಕರೆಹೆಸರಿನ, ರೇಡಿಯೋದಲ್ಲಿ ಅಪ್ಪನನ್ನು ಗುರುತಿಸುವ ಹೆಸರಿನ, ಕೊನೆಯ ಮೂರು ಅಕ್ಷರ, ಬೈಕಿನ ಹಿಂದೆ ಬಿಳಿ ಬಣ್ಣದಲ್ಲಿ ಬರೆಸಿದ್ದ, ಎಮ್ ಜೆ ಕೆ, ಎಮ್ ಜೆ ಕೆ, ಆಮೇಲೆ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ, ಡೋಂಟ್, ಬಹಳ ಹೊತ್ತು ಏನೂ ಇಲ್ಲ, ಕ್ರಾಸ್, ವಾಟರ್ ಓವರ್ ಬ್ರಿಜ್, ಡೋಂಟ್ ಕ್ರಾಸ್, ಮತ್ತೆ ಎಮ್ ಜೆ ಕೆ. ಸೇತುವೆ ಮೇಲೆ ನೀರು ಬಂದಿದೆ, ದಾಟಬೇಡ. ಇದೇ, ಇಷ್ಟೂ ದಿನ ಇದೇ, ಬೆಳಗಾದರೆ ಕೂತು ಇದನ್ನೇ, ಅಂದು ಕಳಿಸಿದ್ದು ಇದೇನೋ, ಕಳಿಸಿ ಅಪ್ಪನಿಗೆ ಮುಟ್ಟಲಿಲ್ಲವೋ, ಅಥವಾ ಅಂದು ಕಳಿಸಬೇಕಾಗಿದ್ದದ್ದು ಇದೋ, ಕಳಿಸದೆ ಹೋದದ್ದಕ್ಕೆ ಈಗ ದಿನವೂ ಕಳಿಸುತ್ತಿದ್ದಾರೋ, ಯಂತ್ರ ಅಕ್ಷರ ಓದುತ್ತದೆ, ಇದನ್ನು ಓದುವುದಿಲ್ಲ.

ಯಾರದು ಅದು — ಅವ್ವ, ಯಾವಾಗ ಮೇಲೆ ಬಂದಳೋ, ಕೈಯಲ್ಲಿ ಚಹಾ, ಅವ್ವ ಪರದೆ ನೋಡುತ್ತಿದ್ದಾಳೆ, ಇಂಗ್ಲಿಷು ಬಾರದಿದ್ದರೂ ಆ ಮೂರು ಅಕ್ಷರಗಳ ರೂಪ ಅವಳಿಗೆ ಗೊತ್ತು, ವರ್ಷಗಟ್ಟಲೆ ಆ ಬೈಕು ತೊಳೆದವಳು, ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹಾಲಸ್ವಾಮಿ ಕಾಕಾ ಎಂದಳು, ಲಕ್ವ ಹೊಡೆದದ್ದು, ಮಾತು ಹೋದದ್ದು, ಗಂಗಾಂಬಿಕಾ ಹೇಳಿದ್ದು, ಎಲ್ಲ ಹೇಳಿದಳು, ಅವ್ವ ನಿಂತೇ ಕೇಳಿದಳು, ಏನಂತಾನ, ಎಂದಳು ಕೊನೆಗೆ. ಅಪ್ಪನ ಹೆಸರು ಹಿಡದು ಕರದು, ದಾಟಬ್ಯಾಡ ಅಂತಾರವ್ವ. ಅವ್ವ ಲೋಟವನ್ನು ಕಿಟಕಿಯ ಮೇಲೆ ಇಟ್ಟಳು, ಈಗ ಅಂತಾನ, ಎಂದಳು, ಅದು ಕೋಪವೋ ಏನೋ, ಕೋಪವಾಗಿ ಶುರುವಾಗಿ ನಡುವೆ ಎಲ್ಲೋ ಕೆಳಗೆ ಬಿದ್ದುಬಿಟ್ಟಿತು ಆ ಮಾತು, ಗೋಡೆಗೆ ಒರಗಿ ಕೂತಳು, ಇಬ್ಬರೂ ಕೇಳುತ್ತಾರೆ, ಸ್ಫೂರ್ತಿ ಹೆಡ್‌ಫೋನಿನ ವೈರು ಕಿತ್ತು ಸದ್ದನ್ನು ಕೋಣೆಗೆ ಬಿಟ್ಟಿದ್ದಾಳೆ, ಮತ್ತೆ ಅದೇ, ದಾಟಬೇಡ, ಕಳಿಸುತ್ತಾರೆ, ನಿಲ್ಲುತ್ತಾರೆ, ಆ ನಿಲ್ಲುವುದು ದಣಿವಲ್ಲ ಎಂದು ಈಗ ತಿಳಿಯುತ್ತದೆ, ಅದು ಉತ್ತರಕ್ಕೆ ಕಾಯುವ ಜಾಗ, ಯಾರೂ ಉತ್ತರಿಸುವುದಿಲ್ಲ, ಆದ್ದರಿಂದ ಮತ್ತೆ ಕಳಿಸುತ್ತಾರೆ. ಎಷ್ಟು ದಿನ ಹಿಂಗ ಒದರ್ತಾನ ಅವನು, ಎಂದಳು ಅವ್ವ, ಆತು ಅನ್ನವ್ವ, ದಾಟಂಗಿಲ್ಲ ಅಂತ ಅನ್ನು, ನಿಮ್ಮಪ್ಪ ಅಂದಂಗ ಅನ್ನು. ಸತ್ತವನ ಕರೆಹೆಸರು ಗಾಳಿಗೆ ಬಿಡುವುದು ತಪ್ಪು, ನಿಯಮವಿದೆ, ಲೈಸೆನ್ಸ್ ಹೋದರೂ ಹೋದೀತು, ಆದರೆ ಬೆರಳು ಆಗಲೇ ಕೀಬೋರ್ಡಿನ ಮೇಲಿದೆ, ಎಮ್ ಜೆ ಕೆ, ನಿನ್ನ ಮಾತು ಮುಟ್ಟಿತು, ದಾಟುವುದಿಲ್ಲ, ಅವರು ಕಾಯುವ ಆ ಜಾಗದಲ್ಲಿ ಒತ್ತಿದಳು, ಕಂಪ್ಯೂಟರು ಅದನ್ನು ಮೋರ್ಸ್ ಮಾಡಿ ಕಳಿಸಿತು, ಒಂದು ಸದ್ದೂ ಹೆಚ್ಚಿಲ್ಲ ಕಡಿಮೆಯಿಲ್ಲ, ಅಳೆದು ಕತ್ತರಿಸಿದ ಹಾಗೆ, ಮತ್ತೆ ಶುರುವಾಗಬೇಕಿದ್ದ ಸಾಲು ಕಡ್ಡಿರಾಂಪುರದಿಂದ ಬರಲಿಲ್ಲ, ಗಾಳಿಯ ಸುಯ್ಯೆನ್ನುವ ಸದ್ದು, ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ, ಮುಟ್ಟಿತೇನು, ಮುಟ್ಟಿತು ಅನಿಸ್ತೈತಿ ಅವ್ವ, ಎನ್ನುವಷ್ಟರಲ್ಲಿ ಆ ಸಣ್ಣ ಸದ್ದು ಮತ್ತೆ, ನಿಧಾನ, ಇಷ್ಟು ದಿನ ಬಾರದ ಬೇರೆ ಅಕ್ಷರಗಳು, ಕ್ಯೂ, ಆರ್, ಝಡ್, ಮುಂದೆ ಒಂದು ಪ್ರಶ್ನೆಯ ಗುರುತು. ರೇಡಿಯೋದವರಿಗೆ ಇದು ಬಾಯಿಪಾಠ, ನನ್ನನ್ನು ಕರೆಯುತ್ತಿರುವವರು ಯಾರು ಎಂದು. ಅವರಿಗೆ ಅಪ್ಪನ ಕೈ ಗೊತ್ತು, ಮೇಜಿನ ಮೇಲೆ ಕುಟ್ಟಿದರೂ ಗೊತ್ತಿದ್ದ ಕೈ, ಅಳೆದು ಕತ್ತರಿಸಿದ ಇದು ಯಾರ ಕೈಯೂ ಅಲ್ಲ, ಯಂತ್ರದ್ದು. ಏನಂದ, ಅವ್ವ ಕೇಳುತ್ತಿದ್ದಾಳೆ, ಯಾರು ಅಂತ ಕೇಳ್ತಾರ, ಅವ್ವನ ಕೈ ಬಂದು ಇವಳ ಭುಜ ಹಿಡಿಯುತ್ತದೆ, ಅಪ್ಪ ಅಲ್ಲ ಅಂತ ಹೇಳಬ್ಯಾಡವ್ವ, ಹೇಳಬ್ಯಾಡ, ಸ್ಫೂರ್ತಿ ಕೀಬೋರ್ಡು ನೋಡುತ್ತಾಳೆ, ನನ್ನ ಹೆಸರು ಒತ್ತಲೇ, ಮಗಳು ಎನ್ನಲೇ, ಅಪ್ಪನ ಹೆಸರನ್ನೇ ಇನ್ನೊಮ್ಮೆ, ಬೆರಳು ಏಳುತ್ತಿಲ್ಲ, ಪರದೆ ಕಪ್ಪು, ಅದರಲ್ಲಿ ಮೂರು ಬಿಳಿ ಅಕ್ಷರ, ಬಾಗಿದ ಒಂದು ಪ್ರಶ್ನೆ, ಅದರ ಮುಂದೆ ಮಿಣುಕುವ ಗೀಟು, ಅವರು ಕಾಯುತ್ತಿದ್ದಾರೆ, ಮತ್ತೆ ಕ್ಯೂ, ಆರ್, ಝಡ್, ಬಾಗಿದ ಪ್ರಶ್ನೆ, ಗೀಟು, ಮೂರು ಬಿಳಿ ಅಕ್ಷರ, ಯಾರು, ಗೀಟು, ಬಾಗಿದ ಪ್ರಶ್ನೆ, ಗೀಟು —