ಅಪ್ಪ ಮಲಗುವ ಹೊತ್ತು

ತಂಗಿಯ ಮನೆಗೆ ಎರಡು ದಿನದ ಮಟ್ಟಿಗೆಂದು ಬಂದವಳು ನಾನು. ಲಾಕ್‌ಡೌನ್ ಆಯಿತು, ಇಲ್ಲೇ ಠಿಕಾಣಿ ಹೂಡಬೇಕಾಯಿತು. ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ತಂಗಿಯ ಗಂಡ ಆಂಬ್ಯುಲೆನ್ಸ್ ಡ್ರೈವರ್. ರಾತ್ರಿಯಿಡೀ ಉಸಿರು ಸಿಗದವರನ್ನು ಆಸ್ಪತ್ರೆಗೆ ಮುಟ್ಟಿಸಿ ಬಂದು, ಸ್ನಾನ ಮಾಡಿ ಕೋಣೆಯ ಬಾಗಿಲು ಹಾಕಿಕೊಂಡರೆ ಸಂಜೆಯವರೆಗೆ ಮನೆಯಲ್ಲಿ ಯಾರೂ ಪಿಟಿಕ್ ಅನ್ನುವಂತಿಲ್ಲ. ಗಾಡಿ ಓಡಿಸುವಾಗ ಜೋಂಪು ಹತ್ತಿದರೆ ಗತಿಯೇನು?

ನಮಗೇನು, ದೊಡ್ಡವರು. ತಂಗಿಯ ಆರು ವರ್ಷದ ಮಗು ಏನು ಮಾಡಬೇಕು? ಮೊದಲು ಒಂದು ಕಡೆ ನಿಂತ ಹುಡುಗಿಯಲ್ಲ. ಈಗ ಅಡುಗೆಮನೆಯ ಮೂಲೆ, ಕೈಯಲ್ಲಿ ಮೊಬೈಲು. ಎದ್ದು ನಿಂತರೆ ಸಾಕು, ತಂಗಿ ಬಾಯಿಗೊಂದು ಬಿಸ್ಕತ್ತು ತುರುಕುತ್ತಾಳೆ. ತರಕಾರಿ ಗಾಡಿ ಬರುವುದೇ ಅಪರೂಪ, ಬಿಸ್ಕತ್ತಿಗೆ ಮಾತ್ರ ಬರವಿಲ್ಲ. ಫ್ರಾಕು ಬಿಗಿಯಾಗಿ ಗುಂಡಿ ಹಾಕಲು ಆಗುತ್ತಿರಲಿಲ್ಲ. ಮಗು ಸಾಕುತ್ತಿದ್ದೀಯೋ ಮೂಟೆ ಕಟ್ಟುತ್ತಿದ್ದೀಯೋ ಎಂದು ತಂಗಿಯ ಮೇಲೆ ರೇಗಿದೆ. ರೇಗುವುದೂ ಪಿಸುಮಾತಿನಲ್ಲೇ, ನನ್ನ ಹಣೆಬರಹ. ಇನ್ನೇನು ಮಾಡಲಿ, ಕಾಲು ಕಟ್ಟಿಹಾಕಲೇ ಎಂದು ಅವಳು ಅತ್ತಳು.

ಮೊನ್ನೆ ತಂಗಿ ಸಾಮಾನು ತರಲು ಹೋದಾಗ ಹೊದಿಕೆ, ದಿಂಬುಗಳನ್ನೆಲ್ಲ ನೆಲಕ್ಕೆ ಹಾಸಿ, ಕುಣಿಯೇ ನನ್ನವ್ವ ಎಂದೆ. ಮಗು ಕೋಣೆಯ ಬಾಗಿಲು ನೋಡಿತು. ನಾನಿದ್ದೀನಿ ಎಂದೆ. ಕುಣಿಯಿತು. ಎಷ್ಟೋ ದಿನದ ಮೇಲೆ ಬಾಯ್ತುಂಬ ನಕ್ಕಿತು, ಸದ್ದೂ ಆಗಲಿಲ್ಲ. ಆದರೆ ನಾಲ್ಕು ಸಲ ಎಗರುವಷ್ಟರಲ್ಲಿ ಏದುಸಿರು ಹತ್ತಿ, ಧೊಪ್ಪನೆ ಕೂತುಬಿಟ್ಟಿತು. ಗೊರಗೊರ ಉಸಿರು, ಮುಖವೆಲ್ಲ ಕೆಂಪು.

ಕೋಣೆಯ ಬಾಗಿಲು ದಡಾರನೆ ತೆರೆಯಿತು. ಆ ಉಸಿರಿಗೆ ಎದ್ದಿದ್ದ ಅವನು. ರಾತ್ರಿಯಿಡೀ ಕೇಳುವುದು ಅದನ್ನೇ ತಾನೆ. ಮಾಸ್ಕು ಏರಿಸಿ ಮಗಳ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ. ಯಾವಾಗಿನಿಂದ ಹೀಗೆ, ಜ್ವರ ಇದೆಯಾ ಎನ್ನುತ್ತಲೇ ಗಾಡಿಯ ಕೀ ತಡಕಾಡಿದ. ಆಕ್ಸಿಜನ್ ಸರಿಯಾಗಿಯೇ ಇತ್ತು.

"ರೋಗ ಅಲ್ಲಪ್ಪ. ನಾಲ್ಕು ಸಲ ಕುಣಿದ್ಲು, ಅಷ್ಟೇ."

"ನಾಲ್ಕೇ ಸಲಾನಾ ಅಕ್ಕ?"

ಅಲ್ಲೇ ದಿಂಬುಗಳ ಮೇಲೆ ಕುಸಿದ. ಮಗಳನ್ನು ಹಗಲಿನಲ್ಲಿ ಕಣ್ಣುಬಿಟ್ಟು ನೋಡಿ ಎಷ್ಟು ಕಾಲವಾಗಿತ್ತೋ, ನೋಡುತ್ತಲೇ ಇದ್ದ. ಮಗು ಏದುತ್ತಲೇ ಅವನ ಕಾಲ ಮೇಲೆ ಹೊದಿಕೆ ಎಳೆಯಿತು.

"ಇನ್ನು ಕುಣಿಯಲ್ಲ ಅಪ್ಪ. ನೀನು ಮಲ್ಕೋ."