ದೊಡ್ಡ ಟೀಚರ ಬಾಯಿಪಾಠ

ಒಂದನೇ ತರಗತಿಗೆ ಓದು ಕಲಿಸುವುದರಲ್ಲಿ ದೊಡ್ಡ ಟೀಚರನ್ನು ಮೀರಿಸುವವರಿಲ್ಲ ಎಂದು ಊರೇ ಹೇಳುತ್ತಿತ್ತು; ಅವರೂ ಅದನ್ನು ನಂಬಿದ್ದರು. ಅವರ ಮಕ್ಕಳು ಪುಸ್ತಕ ಬಿಚ್ಚಿದರೆ ಅರಳು ಹುರಿದಂತೆ ಓದುತ್ತಿದ್ದರು. ಹಾಗಾಗಿ, ಪಕ್ಕದ ಬಡಾವಣೆಯ ಶಾಲೆಯೊಂದು ತಮ್ಮ ಶಾಲೆಯೊಂದಿಗೆ ಕೈಜೋಡಿಸಿ ಟೀಚರುಗಳಿಗೆ ತರಬೇತಿ ಕೊಡುತ್ತದೆ ಎಂಬ ಸುದ್ದಿ ಬಂದಾಗ ಅವರು ನಕ್ಕು ಸುಮ್ಮನಾದರು. ತರಬೇತಿ ಕೊಡಲು ಬರುವವಳು ಆ ಶಾಲೆಯಲ್ಲಿ ಕೆಲಸಕ್ಕಿರುವ ತಮ್ಮ ಸೊಸೆಯೇ ಎಂದು ಗೊತ್ತಾದಾಗ ಮಾತ್ರ ನಗು ನಿಂತಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಕಿಸಕ್ಕೆಂದರು.

ಮೊದಲ ದಿನ ಸೊಸೆ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಿದಳು. ದೊಡ್ಡ ಟೀಚರ್ ತರಗತಿಯ ಹೆಮ್ಮೆಯಾದ ಗುಬ್ಬಿ ಎಂಬ ಹುಡುಗಿಯನ್ನು ಎಬ್ಬಿಸಿದರು. 'ಬೆಕ್ಕು ಹಾಲು ಕುಡಿಯಿತು, ಇಲಿ ಓಡಿತು' ಎಂದು ಹುಡುಗಿ ಪಾಠವನ್ನು ಒಂದೇ ಉಸಿರಿಗೆ ಮುಗಿಸಿದಳು. ಸೊಸೆ ಅಪ್ಪಣೆ ಕೇಳಿ ಎದ್ದುಬಂದು, ಅವೇ ಪದಗಳನ್ನು ಅದಲುಬದಲು ಮಾಡಿ ಬೋರ್ಡಿನ ಮೇಲೆ ಬರೆದಳು: ಇಲಿ ಹಾಲು ಕುಡಿಯಿತು, ಬೆಕ್ಕು ಓಡಿತು. ಗುಬ್ಬಿ ಬೋರ್ಡಿನ ಹತ್ತಿರ ಬಂದು ಒಂದೊಂದು ಪದಕ್ಕೂ ಬೆರಳಿಟ್ಟು, ಸ್ವಲ್ಪವೂ ತಡವರಿಸದೆ, 'ಬೆಕ್ಕು ಹಾಲು ಕುಡಿಯಿತು, ಇಲಿ ಓಡಿತು' ಎಂದಳು. ಮಕ್ಕಳು ಚಪ್ಪಾಳೆ ತಟ್ಟಿದರು. ದೊಡ್ಡ ಟೀಚರ್ ಮಾತ್ರ ಬೋರ್ಡನ್ನೇ ನೋಡುತ್ತ ನಿಂತರು. ಸೊಸೆ ಹೋಗಿ ಕುಳಿತಳು.

ಮನೆಗೆ ಬಂದ ಮೇಲೂ ಅವಳು ಬಾಯಿ ಬಿಡಲಿಲ್ಲ. ಊಟಕ್ಕೆ ಕುಳಿತಾಗ ಅತ್ತೆಗೆ ತಡೆಯಲಾಗಲಿಲ್ಲ.

"ಏನಿದೆಯೋ ಹೇಳಿಬಿಡು."

"ಮಗು ಓದ್ತಾ ಇಲ್ಲ ಅತ್ತೆ. ನೆನಪು ಮಾಡ್ಕೊಂಡು ಹೇಳ್ತಾ ಇದೆ."

"ನನ್ನ ಕೈಲಿ ಕಲಿತವರು ಇವತ್ತು ಎಲ್ಲೆಲ್ಲಿದ್ದಾರೆ ಗೊತ್ತಾ ನಿನಗೆ?"

"ಗೊತ್ತು. ಉಳಿದವರು ಎಲ್ಲಿದ್ದಾರೆ?"

ಅತ್ತೆ ತಟ್ಟೆ ಬಿಟ್ಟು ಎದ್ದರು. ಆಮೇಲೆ ಮನೆಯಲ್ಲಿ ಮಾತೆಲ್ಲ ಮಗನ ಮೂಲಕವೇ. ಒಲೆ ಆರಿಸಲು ಹೇಳಬೇಕಾದರೂ 'ನಿನ್ನ ಹೆಂಡತಿಗೆ ಹೇಳು' ಎನ್ನುತ್ತಿದ್ದರು. ಎರಡು ಕಲ್ಲಿನ ನಡುವೆ ಸಿಕ್ಕ ಕಾಳಿನಂತೆ ಅವನು ನುಣ್ಣಗಾಗುತ್ತಿದ್ದ.

ಆದರೆ ಸೊಸೆಯ ಮಾತು ನಾಟಿತ್ತು. ಒಂದು ದಿನ ದೊಡ್ಡ ಟೀಚರ್ ತರಗತಿಯ ಬಾಗಿಲು ಹಾಕಿಕೊಂಡು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹತ್ತಿರ ಕರೆದು, ಪಾಠದ ನಡುವಿನ ಯಾವುದೋ ಪದಕ್ಕೆ ಬೆರಳಿಟ್ಟು ಕೇಳಿದರು. ಕೆಲವರು ಚಿತ್ರದತ್ತ ನೋಡಿದರು, ಕೆಲವರು ಅವರ ಮುಖದತ್ತ. ಎಲ್ಲರದೂ ಮುಗಿದ ಮೇಲೆ ಅವರು ಕುರ್ಚಿಯಲ್ಲಿ ಕುಸಿದು ಕುಳಿತುಬಿಟ್ಟರು.

ಮುಂದಿನ ತರಬೇತಿಗೆ ಅವರು ಎಲ್ಲರಿಗಿಂತ ಮೊದಲೇ ಬಂದು ಕುಳಿತರು. ಸೊಸೆ ಹೇಳಿಕೊಟ್ಟಂತೆ ಪದವನ್ನು ಸದ್ದು ಸದ್ದಾಗಿ ಬಿಡಿಸುವುದು, ಕೂಡಿಸುವುದು, ದಿನವೂ ಹೊಸ ವಾಕ್ಯ ಬರೆದು ಅದರ ಅರ್ಥ ಕೇಳುವುದು ಶುರುವಾಯಿತು. ಅರಳು ಹುರಿಯುತ್ತಿದ್ದ ತರಗತಿ ಈಗ ಮುಗ್ಗರಿಸತೊಡಗಿತು. ಹೋದ ವರ್ಷದ ಮಕ್ಕಳು ಇಷ್ಟು ಹೊತ್ತಿಗೆ ಇಡೀ ಪುಸ್ತಕ ಒಪ್ಪಿಸುತ್ತಿದ್ದರು ಎಂದು ತಾಯಂದಿರು ಗೇಟಿನ ಬಳಿ ಗೊಣಗಿದರು.

ಅಷ್ಟರಲ್ಲೇ ಸೊಸೆಯ ಶಾಲೆಯ ಪ್ರಿನ್ಸಿಪಾಲರು ಬರುವ ದಿನ ಗೊತ್ತಾಯಿತು. ತರಬೇತಿ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ. ಅಂದು ಬೆಳಿಗ್ಗೆ ಹೆಡ್ ಮಾಸ್ತರರು ದೊಡ್ಡ ಟೀಚರನ್ನು ವರಾಂಡದಲ್ಲೇ ತಡೆದು, ಹಳೆಯ ಪಾಠವನ್ನೇ, ಎಲ್ಲರ ಕೈಲೂ ಒಟ್ಟಿಗೆ, ಜೋರಾಗಿ ಹೇಳಿಸಬೇಕೆಂದರು. "ಇವತ್ತು ಪ್ರಯೋಗ ಬೇಡ. ಶಾಲೆ ಮಾನ ನಿಮ್ಮ ಕೈಲಿದೆ. ಕೆಟ್ಟರೆ ಒಂದನೇ ತರಗತಿ ಬೇರೆಯವರಿಗೆ ಕೊಡಬೇಕಾಗುತ್ತೆ."

ಪ್ರಿನ್ಸಿಪಾಲರು ಬಂದು ಕುಳಿತರು. ಒಂದು ಪಕ್ಕದಲ್ಲಿ ಹೆಡ್ ಮಾಸ್ತರರು, ಇನ್ನೊಂದು ಪಕ್ಕದಲ್ಲಿ ಸೊಸೆ, ತಲೆ ತಗ್ಗಿಸಿಕೊಂಡು. ಬೋರ್ಡಿನ ಮೇಲೆ ಹಳೆಯ ಪಾಠ ಮುದ್ದಾದ ಅಕ್ಷರಗಳಲ್ಲಿತ್ತು. ಮಕ್ಕಳು ಆಗಲೇ ಉಸಿರು ಎಳೆದುಕೊಂಡಿದ್ದರು. ದೊಡ್ಡ ಟೀಚರ್ ಡಸ್ಟರ್ ತೆಗೆದುಕೊಂಡು ಎಲ್ಲವನ್ನೂ ಒರೆಸಿಬಿಟ್ಟರು. ಹೆಡ್ ಮಾಸ್ತರರು ಅರ್ಧಕ್ಕೆ ಎದ್ದು ಮತ್ತೆ ಕುಳಿತರು. ದೊಡ್ಡ ಟೀಚರ್ ಹೊಸದೊಂದು ಸಾಲು ಬರೆದು ಗುಬ್ಬಿಯ ಕಡೆ ನೋಡಿದರು. ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

ಗುಬ್ಬಿ ಎದ್ದು ಬೋರ್ಡಿನ ಹತ್ತಿರ ಬಂದಳು. ಮೊದಲ ಅಕ್ಷರಕ್ಕೆ ಬೆರಳಿಟ್ಟು ತುಟಿ ಅಲ್ಲಾಡಿಸಿದಳು. ಹೊರಗೆ ಯಾರೋ ಬಕೆಟ್ ಎಳೆದದ್ದು ಕೇಳಿಸಿತು. ಕಡೆಗೆ "ಇ... ಲಿ... ಇಲಿ" ಎಂದಳು. ಮತ್ತೆ ನಿಂತಳು. "ಬೆ... ಬೆಕ್... ಬೆಕ್ಕನ್ನು." ಕೊನೆಯ ಪದಕ್ಕೆ ಬಂದು ಹುಬ್ಬು ಗಂಟಿಕ್ಕಿದಳು, ತಿರುಗಿ ಮೊದಲಿನಿಂದ ಬೆರಳಾಡಿಸಿದಳು.

"ಟೀಚರ್, ತಪ್ಪು ಬರೆದಿದ್ದೀರ. ಇಲಿ ಎಲ್ಲಾದರೂ ಬೆಕ್ಕನ್ನ ಓಡಿಸುತ್ತಾ?"

ಪ್ರಿನ್ಸಿಪಾಲರು ನಕ್ಕರು. ಸೊಸೆ ನಗಲಿಲ್ಲ, ಅವಳ ಕಣ್ಣು ತುಂಬಿತ್ತು.

ಎಲ್ಲವೂ ಹೂವೆತ್ತಿದಂತೆ ಆಯಿತೆಂದಲ್ಲ. ಆಮೇಲೆ ಎದ್ದವರಲ್ಲಿ ಮುಕ್ಕಾಲು ಪಾಲು ಮಕ್ಕಳು ಎರಡನೇ ಪದದಲ್ಲೇ ಸಿಕ್ಕಿಬಿದ್ದರು. ಆದರೂ ಪ್ರಿನ್ಸಿಪಾಲರು ಇನ್ನೊಂದು ವರ್ಷಕ್ಕೆ ಒಪ್ಪಿದರು. ಹೆಡ್ ಮಾಸ್ತರರು ವಾರವಿಡೀ ದೊಡ್ಡ ಟೀಚರ ನಮಸ್ಕಾರಕ್ಕೆ ಉತ್ತರ ಕೊಡಲಿಲ್ಲ, ತರಗತಿಯನ್ನೂ ಕಿತ್ತುಕೊಳ್ಳಲಿಲ್ಲ.

ಪ್ರಿನ್ಸಿಪಾಲರು ಬಂದುಹೋದ ದಿನ ಸಂಜೆ ಅತ್ತೆ ಸೊಸೆ ಒಟ್ಟಿಗೆ ಮನೆಗೆ ನಡೆದರು.

"ಕಿಟಕಿ ಹತ್ತಿರದ ಅವಳಿಗಳು 'ಪ'ನೂ 'ಷ'ನೂ ಒಂದೇ ಅಂತಾರೆ," ಎಂದರು ಅತ್ತೆ ಎದುರಿನ ರಸ್ತೆ ನೋಡುತ್ತ. "ಅದಕ್ಕೇನು ಮಾಡೋದು?"

ಸೊಸೆ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಅವರ ಹತ್ತಿರಕ್ಕೆ ಸರಿದಳು.