ಲೇಖಕರ ಸಾಲಿನಲ್ಲಿ ಅಧ್ಯಕ್ಷರು

ಬಾಣಾವರದ ಡ್ರಾಯಿಂಗ್ ಟೀಚರ್ ಲತಾಮಣಿ ಮೂರು ಬೇಸಿಗೆ ರಜೆ ಕೂತು ಅಕ್ಷರ ಬರೆದಿದ್ದರು. ಕುಸುರಿಯಿಲ್ಲ, ಬಾಲವಿಲ್ಲ, ಕೊನೇ ಬೆಂಚಿಗೂ ಕಾಣುವ, ಒಂದೇ ಸಮನಾದ ಗೆರೆ. ತೆಳು, ಸಾದಾ, ದಪ್ಪ ಎಂದು ಮೂರು ಬಗೆ. ಅವರ ಹಳೇ ಶಿಷ್ಯ ರವಿಕುಮಾರ್ ಅರಸೀಕೆರೆಯ ತನ್ನ ಕಂಪ್ಯೂಟರ್ ಸೆಂಟರಿನಲ್ಲಿ ಅವನ್ನು ಫಾಂಟ್ ಮಾಡಿ, ಪ್ಯಾಕೇಜ್ ಕಟ್ಟಿ, ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಂಚುವ ತಂಡಕ್ಕೆ ಕಳಿಸಿದ. ಅವರು ಒಪ್ಪಿದರೆ ಯಾವ ಊರಿನ ಶಾಲೆಯಾದರೂ ಪುಕ್ಕಟೆ ಹಾಕಿಕೊಳ್ಳಬಹುದು, ಬೇಕಾದರೆ ತಿದ್ದಿಕೊಳ್ಳಬಹುದು. ಟೀಚರಿಗೆ ಬೇಕಿದ್ದದ್ದು ಅಷ್ಟೇ.

ಎರಡು ಸಾವಿರದ ಆರರ ಜೂನಿನಲ್ಲಿ ಪ್ಯಾಕೇಜ್ ತಿರಸ್ಕಾರವಾಯಿತು. ಅಕ್ಷರ ಬರೆದವರೇ ಹಂಚಲು ಒಪ್ಪುತ್ತಿಲ್ಲವಂತೆ.

ಲತಾಮಣಿ ಸಿಕ್ಕಿದ ಬಸ್ಸು ಹತ್ತಿ ಅರಸೀಕೆರೆಗೆ ಬಂದು ಪ್ಯಾಕೇಜ್ ತೆಗೆಸಿ ನೋಡಿದರು. ಲೇಖಕರು ಎಂಬಲ್ಲಿ ರವಿಕುಮಾರ್ ಸಮಾರಂಭದ ಆಹ್ವಾನಪತ್ರಿಕೆಯ ಹಾಗೆ ಹೆಸರು ಪೇರಿಸಿದ್ದ. ಮೊದಲು ಊರಿನ ಕನ್ನಡ ಸಂಘದ ಅಧ್ಯಕ್ಷ ಚನ್ನಬಸವಯ್ಯನವರು, ಆಮೇಲೆ ಗೌರವಾಧ್ಯಕ್ಷರು, ಕಾರ್ಯದರ್ಶಿ. ಕಟ್ಟಕಡೆಗೆ ‘ಸಹಕಾರ: ಲತಾಮಣಿ’. ತಂಡದವರು ಮೊದಲ ಹೆಸರಿಗೇ ಪತ್ರ ಬರೆದು ಕೇಳಿದ್ದರು. ಸಂಘದ ಅನುಮತಿಯಿಲ್ಲದೆ ಯಾರೂ ಒಂದು ಗೆರೆಯನ್ನೂ ಮುಟ್ಟುವಂತಿಲ್ಲ ಎಂದು ಅಧ್ಯಕ್ಷರು ಉತ್ತರ ಕೊಟ್ಟಿದ್ದರು.

“ದೊಡ್ಡೋರ್ ಹೆಸ್ರನ್ನ ಕೆಳಗೆ ಹಾಕಕ್ಕಾಯ್ತದಾ ಮೇಡಂ?”

“ಇದೇನು ಗಣಪತಿ ಕೂರ್ಸೋ ಪಾಂಪ್ಲೆಟ್ಟೇನೋ? ಬೆನ್ನು ಮುರ್ಕೊಂಡು ಬರ್ದೋಳು ನಾನು ಕಣೋ.”

ಅವನನ್ನು ಎಳೆದುಕೊಂಡೇ ಸಂಘದ ಕಚೇರಿಗೆ ಹೋದರು. ಚನ್ನಬಸವಯ್ಯ ನಾಲ್ಕು ಜನ ಸದಸ್ಯರೊಂದಿಗೆ ಟೀ ಕುಡಿಯುತ್ತಿದ್ದರು. ದಾರಿಯಲ್ಲಿ ಹೋಗುವವರೆಲ್ಲ ನಮ್ಮ ಅಕ್ಷರ ತಿದ್ದಿದರೆ ಸಂಘದ ಮರ್ಯಾದೆ ಏನಾಗಬೇಕು, ಬೇಲೂರಿನ ಸಂಘದವರು ನಗುವುದಿಲ್ಲವೇ ಎಂದು ಶುರುಮಾಡಿದರು. ಲತಾಮಣಿ ಚೀಲದಿಂದ ಸೀಮೆಸುಣ್ಣ ತೆಗೆದು ಅವರ ಕೈಗಿಟ್ಟು, ಗೋಡೆಯ ಕರಿಹಲಗೆ ತೋರಿಸಿದರು.

“ಯಜಮಾನ್ರೇ, ನಿಮ್ಮ ಅಕ್ಷರ ಅಂದ್ರಲ್ಲ, ಅದ್ರಾಗೆ ಒಂದನ್ನ ಬರೀರಿ. ಬಾಯ್ ಮುಚ್ಕೊಂಡು ಹೋಯ್ತೀನಿ.”

ಅಧ್ಯಕ್ಷರ ಟೀ ಆರಿತು. ಕೊನೆಗೆ ಅವರು ಲೆಟರ್‌ಹೆಡ್ ಎಳೆದುಕೊಂಡು, ಈ ಅಕ್ಷರ ಬರೆದವರು ನಾವಲ್ಲ ಎಂದು ಬರೆದು, ಮೇಜು ಅದುರುವಂತೆ ಮೊಹರು ಕುಟ್ಟಿದರು.

ರವಿಕುಮಾರ್ ಆ ಪತ್ರದ ಜೊತೆಗೆ ಟೀಚರ ಒಪ್ಪಿಗೆಯನ್ನೂ ಕಳಿಸಿದ. ಲೇಖಕರ ಸಾಲಿನಲ್ಲಿ ಒಂದೇ ಹೆಸರು ಉಳಿಯಿತು. ಆಗಸ್ಟಿನಲ್ಲಿ ಪ್ಯಾಕೇಜ್ ಒಪ್ಪಿಗೆಯಾಯಿತು.

ನವೆಂಬರಿಗೆ ಸಂಘದ ರಾಜ್ಯೋತ್ಸವದ ಆಹ್ವಾನಪತ್ರಿಕೆ ಬಂತು. ಇಡೀ ಕಾಗದ ಟೀಚರದೇ ಅಕ್ಷರ. ಚನ್ನಬಸವಯ್ಯನವರ ಹೆಸರಂತೂ ದಪ್ಪದ್ದರಲ್ಲಿ. ಲತಾಮಣಿಯ ಹೆಸರು ಎಲ್ಲೂ ಇರಲಿಲ್ಲ. ಹರಿಯಲು ಕೈಯೆತ್ತಿದವರು ತಡೆದುಕೊಂಡರು. ಯಾರಾದರೂ ಬಳಸಬಹುದು ಎಂದು ಸಹಿ ಹಾಕಿಕೊಟ್ಟವರು ತಾವೇ. ಆ ‘ಯಾರಾದರೂ’ಗಳಲ್ಲಿ ಈ ಮನುಷ್ಯನೂ ಒಬ್ಬ. ಸಿಟ್ಟು ಮಾತ್ರ ಇಳಿಯಲಿಲ್ಲ. ಪತ್ರಿಕೆಯನ್ನು ತರಗತಿಯ ಗೋಡೆಗೆ ಅಂಟಿಸಿ, ಕೊನೇ ಬೆಂಚಿನವರಿಗೆ ಓದಲು ಹೇಳಿದರು. ಮಕ್ಕಳು ಒಂದಕ್ಷರ ತಪ್ಪದೆ ಓದಿದರು.